ಬಡಿಗೆ ಹಿಡಿದವರೂ ಬಾಗಿಲು ತೆರೆದವರೂ

ಮೊನ್ನೆ ಸಾಯಂಕಾಲ ನಮ್ಮೂರ ವಾಚನಾಲಯದ ಕಟ್ಟೆಯ ಮೇಲೆ ಕುಳಿತಿರುವಾಗ ಒಬ್ಬ ವೃದ್ಧ ಗೃಹಸ್ಥರು ಇಟಲಿ ದೇಶದ ಚರಿತ್ರೆಯ ಪುಸ್ತಕವೊಂದನ್ನು ಮುಚ್ಚಿಡುತ್ತ, “ಏನೇ ಅನ್ನಿರಿ ವಕೀಲಸಾಹೇಬರೆ, ಆ ಕರಿಯಂಗಿಯ ಹುಡುಗರು ಬಿಸಿರಕ್ತದವರು, ಖರೆ, ಆದರೆ ದೇಶಾಭಿಮಾನಿಗಳು. ಬಡಿಗೆ ಹಿಡಿದರು, ರಾಜ್ಯ ಗಳಿಸಿದರು. ಸಭೆ ಕೂಡಿಸಿ ಠರಾವು ಪಾಸು ಮಾಡುವದರಿಂದ ಏನಾಗುವದು?” ಎಂದು ಕೇಳಿದರು. ಪಕ್ಕದಲ್ಲಿದ್ದ ಶಾಲಾ ಮಾಸ್ತರರೊಬ್ಬರು ತಲೆದೂಗಿದರು. ಆ ಹಿರಿಯರ ಮಾತಿಗಿಂತ ಮಾಸ್ತರರು ತಲೆದೂಗಿದ್ದೇ ನಮಗೆ ಹೆಚ್ಚಿನ ಖೇದವನ್ನುಂಟು ಮಾಡಿತು. ಯಾಕಂದರೆ ನಾಳೆ ನಲವತ್ತು ಮಕ್ಕಳ ಎದುರಿಗೆ ನಿಂತು ಆ ಮಾತನ್ನು ಆಡುವವರು ಅವರೇ.

ಆ ಒಂದು ಮಾತಿನಲ್ಲಿ ಎರಡು ಅಸತ್ಯಗಳು ಅಡಗಿವೆ. ಬಡಿಗೆಯವರು ದೇಶಾಭಿಮಾನಿಗಳಾಗಿದ್ದರೆಂಬದು ಮೊದಲನೆಯದು. ಅವರು ಬಡಿಗೆಯಿಂದ ರಾಜ್ಯವನ್ನು ಗಳಿಸಿದರೆಂಬದು ಎರಡನೆಯದು. ಈ ಎರಡೂ ಹೇಳಿಕೆಗಳನ್ನು ಸಾಕ್ಷಿ ಪುರಾವೆಗಳ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬದೇ ಈ ಲೇಖನದ ಉದ್ದೇಶವು. ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ: ಬಡಿಗೆಯು ಎಲ್ಲಿಯೂ ರಾಜ್ಯದ ಬಾಗಿಲನ್ನು ಒಡೆಯಲಿಲ್ಲ. ಬಾಗಿಲನ್ನು ಒಳಗಿನವರು ತೆರೆದರು. ತೆರೆದವರು ಪುಂಡರಲ್ಲ, ಶುಭ್ರವಾದ ಅಂಗಿ ತೊಟ್ಟ, ನಾಲ್ಕು ಅಕ್ಷರ ಬಲ್ಲ, ನಮ್ಮ ನಿಮ್ಮಂಥ ಮಾನ್ಯರು.

ಮೊದಲು ಇಟಲಿಯನ್ನು ತೆಗೆದುಕೊಳ್ಳೋಣ. ೧೯೧೯ನೆಯ ಇಸವಿ ಮಾರ್ಚ ೨೩ರಂದು ಮಿಲಾನ ನಗರದಲ್ಲಿ ಮುಸೊಲಿನಿಯು ತನ್ನ ಹೋರಾಟದ ಕೂಟವನ್ನು ಸ್ಥಾಪಿಸಿದನು. ಒಂದು ತಿಂಗಳು ತುಂಬುವದರೊಳಗೆ, ಏಪ್ರಿಲ ೧೫ರಂದು, ಅದೇ ಊರಲ್ಲಿ ಸಮಾಜವಾದಿಗಳ ಪತ್ರಿಕೆಯಾದ ‘ಅವಾಂತಿ’ಯ ಕಚೇರಿಯನ್ನು ಧ್ವಂಸ ಮಾಡಲಾಯಿತು. ಆ ಪಂಗಡದ ಪ್ರಥಮ ಪರಾಕ್ರಮವು ಒಂದು ಮುದ್ರಣಾಲಯದ ಮೇಲೆ ನಡೆಯಿತೆಂಬದನ್ನು ಪತ್ರಿಕೆ ಓದುವ ನಾವು ಮರೆಯಬಾರದು. ಅದೇ ನವೆಂಬರದಲ್ಲಿ ಚುನಾವಣೆಗಳಾದವು. ಮಿಲಾನದಂಥ ಮಹಾನಗರದಲ್ಲಿ ಮುಸೊಲಿನಿಯ ಯಾದಿಗೆ ಐದು ಸಾವಿರ ಮತಗಳೂ ಬೀಳಲಿಲ್ಲ. ಒಂದು ಸ್ಥಾನವೂ ದೊರೆಯಲಿಲ್ಲ. ಜನರು ಅವನನ್ನು ತೂಗಿ ನೋಡಿ ಪಕ್ಕಕ್ಕಿಟ್ಟಿದ್ದರು.

ಹಾಗಾದರೆ ಈ ಸತ್ತ ಬೀಜಕ್ಕೆ ನೀರೆರೆದವರಾರು? ಪೋ ನದಿಯ ಬಯಲು ಸೀಮೆಯ ದೊಡ್ಡ ಜಮೀನದಾರರು. ೧೯೨೦ರ ಹೊತ್ತಿಗೆ ಅಲ್ಲಿಯ ಹೊಲಗೆಲಸದ ಕೂಲಿಕಾರರು ಸಂಘ ಕಟ್ಟಿ ಕೂಲಿಯನ್ನು ಹೆಚ್ಚಿಸಿಕೊಂಡಿದ್ದರು. ಅನೇಕ ಊರುಗಳ ಮುನಸಿಪಾಲಿಟಿಗಳು ಸಮಾಜವಾದಿಗಳ ಕೈಗೆ ಬಂದಿದ್ದವು. ಆ ವರುಷದ ನವೆಂಬರ ೨೧ರಂದು ಬೊಲೊನ್ಯಾ ನಗರದಲ್ಲಿ ಹೊಸ ಮುನಸಿಪಾಲಿಟಿಯು ಅಧಿಕಾರ ವಹಿಸುವ ದಿವಸ ಕರಿಯಂಗಿಯವರು ಮುತ್ತಿಗೆ ಹಾಕಿದರು. ಆ ಗಲಭೆಯಲ್ಲಿ ಸುಮಾರು ೧೦ ಜನರು ಸತ್ತರು. ಅಂದಿನಿಂದ ಜಮೀನದಾರರ ಹಣದ ಚೀಲದ ಬಾಯಿ ಬಿಚ್ಚಿತು. ರಾತ್ರಿಯಾಯಿತೆಂದರೆ ಮೋಟಾರ ಲಾರಿಗಳಲ್ಲಿ ತುಂಬಿಕೊಂಡು ಹಳ್ಳಿಗಳ ಮೇಲೆ ಬೀಳುವದು. ಕೂಲಿಕಾರರ ಸಂಘದ ಮನೆಗೆ, ಸಹಕಾರಿ ಅಂಗಡಿಗೆ, ವಾಚನಾಲಯಕ್ಕೆ ಬೆಂಕಿ ಹಚ್ಚುವದು. ಸಂಘದ ಕಾರ್ಯದರ್ಶಿಯನ್ನು ಹೆಂಡತಿ ಮಕ್ಕಳ ಎದುರಿಗೆ ಬಡಿದು, ಬಲಾತ್ಕಾರದಿಂದ ಹರಳೆಣ್ಣೆ ಕುಡಿಸಿ ಬೀದಿಯಲ್ಲಿ ಅಪಮಾನಗೊಳಿಸುವದು. ಫೆರಾರಾದಲ್ಲಿ ಬಾಲ್ಬೊ, ಕ್ರೆಮೋನಾದಲ್ಲಿ ಫರಿನಾಚ್ಚಿ, ಹೀಗೆ ಪ್ರಾಂತಕ್ಕೊಬ್ಬ ಪಾಳೆಯಗಾರನು ಹುಟ್ಟಿಕೊಂಡನು. ಪೋಲೀಸರು ಬೆನ್ನು ತಿರುಗಿಸಿ ನಿಂತರು. ಎಷ್ಟೋ ಕಡೆಗೆ ಸೈನ್ಯದ ಅಧಿಕಾರಿಗಳೇ ಬಂದೂಕುಗಳನ್ನೂ ವಾಹನಗಳನ್ನೂ ಒದಗಿಸಿದರು. ದೊಂಬಿಯನ್ನು ಮಾಡಿದವನು ಮನೆಗೆ, ಪೆಟ್ಟು ತಿಂದವನು ಠಾಣೆಗೆ.

ಇದು ಹೊಲದ ಕಥೆಯಾಯಿತು. ಇನ್ನು ರಾಜಧಾನಿಯ ಕಥೆ. ಜ್ಯೊಲಿಟ್ಟಿಯೆಂಬ ಎಂಭತ್ತರ ಸಮೀಪದ, ಐದು ಸಲ ಪ್ರಧಾನ ಮಂತ್ರಿಯಾದ ಮುತ್ಸದ್ದಿಯು ೧೯೨೧ರ ಮೇ ತಿಂಗಳ ಚುನಾವಣೆಯಲ್ಲಿ ಈ ಪುಂಡರನ್ನು ತನ್ನ ‘ರಾಷ್ಟ್ರೀಯ ಕೂಟ’ದ ಯಾದಿಯಲ್ಲಿ ಸೇರಿಸಿಕೊಂಡನು. ನಾಲ್ಕು ದಿನ ಅಧಿಕಾರದ ರುಚಿ ಕಂಡರೆ ಹುಡುಗರು ತಣ್ಣಗಾಗುವರೆಂಬದು ಅವನ ಲೆಕ್ಕಾಚಾರವಾಗಿತ್ತು. ಎರಡು ವರುಷಗಳ ಹಿಂದೆ ಒಂದು ಸ್ಥಾನವೂ ಇಲ್ಲದವರು ೩೫ ಸ್ಥಾನಗಳನ್ನು ಪಡೆದರು. ಅದಕ್ಕಿಂತ ಹೆಚ್ಚಾಗಿ, ‘ಇವರು ಮಾನ್ಯರು’ ಎಂಬ ಮುದ್ರೆಯನ್ನು ಪಡೆದರು. ಮರುವರುಷ ಅಕ್ಟೋಬರ ೨೮ರಂದು ಕರಿಯಂಗಿಯವರು ರೋಮಿನ ಮೇಲೆ ನಡೆದು ಬಂದರಷ್ಟೆ? ಮಂತ್ರಿಮಂಡಲವು ಸೈನಿಕ ಕಾಯದೆಯ ಆಜ್ಞೆಯನ್ನು ಸಿದ್ಧಪಡಿಸಿತ್ತು; ಆ ಗುಂಪನ್ನು ಚದರಿಸಲು ಸೈನ್ಯವು ಸಾಕಾಗುತ್ತಿತ್ತು. ಆದರೆ ದೊರೆಯಾದ ವಿಕ್ಟರ ಇಮ್ಯಾನ್ಯುವೆಲನು ಆ ಕಾಗದಕ್ಕೆ ಸಹಿ ಮಾಡಲಿಲ್ಲ. ಮುಸೊಲಿನಿಯು ಆಗ ಎಲ್ಲಿದ್ದನು? ಗುಂಪಿನ ಮುಂಭಾಗದಲ್ಲಿರಲಿಲ್ಲ, ಮಿಲಾನದಲ್ಲಿದ್ದನು. ದೊರೆಯ ಕರೆ ಬಂದ ಮೇಲೆ ರಾತ್ರಿಯ ರೈಲಿನಲ್ಲಿ ಮಲಗಿಕೊಂಡು ರೋಮಿಗೆ ಬಂದು ಪ್ರಧಾನ ಮಂತ್ರಿಯಾದನು. ಅವನ ಮೊದಲನೆಯ ಮಂತ್ರಿಮಂಡಲದಲ್ಲಿ ಬಹುಪಾಲು ಮಂತ್ರಿಗಳು ಅನ್ಯ ಪಕ್ಷಗಳ ಮಾನ್ಯ ಗೃಹಸ್ಥರೇ! ಇದಕ್ಕೆ ‘ಬಡಿಗೆಯಿಂದ ಗಳಿಸಿದ ರಾಜ್ಯ’ವೆಂದು ಹೆಸರಿಡುವದಾದರೆ, ಮನೆಯ ಯಜಮಾನನೇ ಚಿಲಕ ತೆಗೆದು ಒಳಗೆ ಕರೆದದ್ದಕ್ಕೆ ‘ಕನ್ನ’ವೆಂದು ಹೆಸರಿಡಬೇಕಾದೀತು.

ಇವರು ದೇಶಾಭಿಮಾನಿಗಳೆಂಬ ಮಾತನ್ನು ಈಗ ನೋಡೋಣ. ಇವರ ತತ್ತ್ವವಾದರೂ ಯಾವದು? ೧೯೧೯ರ ಕಾರ್ಯಕ್ರಮದಲ್ಲಿ ಸ್ತ್ರೀಯರಿಗೆ ಮತಾಧಿಕಾರವಿತ್ತು, ಎಂಟು ತಾಸಿನ ದುಡಿತವಿತ್ತು, ಬಂಡವಾಳದ ಮೇಲೆ ಭಾರೀ ತೆರಿಗೆಯಿತ್ತು, ಧರ್ಮಸಂಸ್ಥೆಗಳ ಆಸ್ತಿಯನ್ನು ಸರಕಾರವು ವಶಪಡಿಸಿಕೊಳ್ಳಬೇಕೆಂಬ ಬೇಡಿಕೆಯಿತ್ತು. ಹತ್ತು ವರುಷಗಳಾಗುವದರೊಳಗೆ, ೧೯೨೯ರ ಫೆಬ್ರುವರಿಯಲ್ಲಿ, ಅದೇ ಮುಸೊಲಿನಿಯು ಪೋಪರೊಡನೆ ಕರಾರು ಮಾಡಿಕೊಂಡನು. ಬಂಡವಾಳದ ತೆರಿಗೆಯ ಮಾತು ಜಮೀನದಾರನ ಲಾರಿಯಲ್ಲಿ ಕಾಲಿಟ್ಟ ದಿನವೇ ಮರೆತುಹೋಗಿತ್ತು. ಜರ್ಮನಿಯಲ್ಲಿಯೂ ಇದೇ ನಾಟಕವು. ೧೯೨೦ರ ಫೆಬ್ರುವರಿಯಲ್ಲಿ ಹಿಟ್ಲರನ ಪಕ್ಷವು ೨೫ ಕಲಮುಗಳ ಕಾರ್ಯಕ್ರಮವನ್ನು ಸಾರಿತು. ಅದರಲ್ಲಿ ಸಾರ್ವಜನಿಕ ಹಿತಕ್ಕಾಗಿ ಪರಿಹಾರ ಕೊಡದೆ ಭೂಮಿಯನ್ನು ತೆಗೆದುಕೊಳ್ಳುವ ಕಲಮೊಂದಿತ್ತು. ೧೯೨೮ರಲ್ಲಿ ರೈತರ ಹಾಗೂ ಜಮೀನದಾರರ ಮತಗಳು ಬೇಕಾದಾಗ, ಆ ಕಲಮು ಯೆಹೂದ್ಯರ ಭೂವ್ಯಾಪಾರದ ಕಂಪನಿಗಳಿಗೆ ಮಾತ್ರ ಅನ್ವಯಿಸುವದೆಂದು ಹಿಟ್ಲರನು ಅಡಿಟಿಪ್ಪಣಿ ಬರೆದನು! ವಾಚಕರೇ, ಇಡಿಯ ಸಿದ್ಧಾಂತದ ಬೀಗದ ಕೈ ಈ ಅಡಿಟಿಪ್ಪಣಿಯಲ್ಲಿದೆ. ಉಳ್ಳವನ ಮೇಲಿನ ಸಿಟ್ಟನ್ನು ನೆರೆಯವನ ಮೇಲಿನ ದ್ವೇಷವನ್ನಾಗಿ ಮಾರ್ಪಡಿಸುವದೇ ಆ ವಿದ್ಯೆ. ಕಾರ್ಯಕ್ರಮದ ಪ್ರತಿಯೊಂದು ಕಲಮನ್ನೂ ಅವರು ಮಾರಿದರು. ಮಾರದೆ ಉಳಿಸಿಕೊಂಡ ಸರಕು ಒಂದೇ, ಮನೆಯೊಳಗೊಬ್ಬ ವೈರಿಯನ್ನು ತೋರಿಸಿ ಅವನ ಮೇಲೆ ಹುಡುಗರನ್ನು ಬಿಡುವದು. ದೇಶವೆಂದರೆ ದೇಶದ ಜನರೇ ಆಗಿದ್ದರೆ, ತನ್ನ ದೇಶದ ಕೂಲಿಕಾರನ ಹಲ್ಲು ಮುರಿಯುವವನು ಯಾವ ದೇಶದ ಅಭಿಮಾನಿ?

ಜರ್ಮನಿಯ ವಿಷಯದಲ್ಲಿ ನಮ್ಮ ವೃತ್ತಿಯವರ ಪಾಪವೇ ಮೊದಲನೆಯದೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ೧೯೨೩ರ ನವೆಂಬರದಲ್ಲಿ ಮ್ಯೂನಿಕ ನಗರದಲ್ಲಿ ಹಿಟ್ಲರನು ದಂಗೆಯೆದ್ದನು. ೪ ಜನ ಪೋಲೀಸರು ಪ್ರಾಣ ಕಳೆದುಕೊಂಡರು. ೧೯೨೪ರ ಏಪ್ರಿಲ ೧ರಂದು ನ್ಯಾಯಾಸನವು ೫ ವರುಷಗಳ ಶಿಕ್ಷೆಯನ್ನು ವಿಧಿಸಿತು, ಬೇಗನೆ ಬಿಡುಗಡೆಯಾಗುವ ಆಸೆಯನ್ನೂ ಜೊತೆಗೆ ತೋರಿಸಿತು. ಇಂಥ ಪರದೇಶಸ್ಥನನ್ನು ಗಡಿಪಾರು ಮಾಡಬೇಕೆಂದು ಕಾಯದೆಯು ಹೇಳುತ್ತಿದ್ದರೂ, ಆಸ್ಟ್ರಿಯದವನಾದ ಹಿಟ್ಲರನಿಗೆ ಅದನ್ನು ಅನ್ವಯಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಅವನ ಮನಸ್ಸು ಜರ್ಮನವೆಂದರು. ಡಿಸೆಂಬರ ೨೦ರಂದು ಅವನು ಸೆರೆಮನೆಯಿಂದ ಹೊರಗೆ ಬಂದನು. ಇದಕ್ಕೆ ಎರಡು ವರುಷ ಮುಂಚೆ, ೧೯೨೨ರ ಮಾರ್ಚ ೧೮ರಂದು, ಅಹಮದಾಬಾದದಲ್ಲಿ ಮತ್ತೊಂದು ಖಟ್ಲೆ ನಡೆದಿತ್ತು. ಅಲ್ಲಿ ಆರೋಪಿಯು ಯಾರನ್ನೂ ಕೊಂದಿರಲಿಲ್ಲ, ಕೊಲ್ಲಿರೆಂದೂ ಹೇಳಿರಲಿಲ್ಲ. ಕೆಲವು ಲೇಖನಗಳನ್ನು ಬರೆದಿದ್ದನು. ತಪ್ಪನ್ನು ತಾನಾಗಿ ಒಪ್ಪಿ ಕಠಿಣವಾದ ಶಿಕ್ಷೆಯನ್ನು ಕೇಳಿಕೊಂಡನು. ಗಾಂಧೀಜಿಯವರಿಗೆ ಲೇಖನಗಳಿಗಾಗಿ ೬ ವರುಷ. ಹಿಟ್ಲರನಿಗೆ ದಂಗೆಗಾಗಿ ೫ ವರುಷ, ಅದೂ ತೀರ್ಪಿನ ನಂತರ ಒಂಬತ್ತು ತಿಂಗಳು ತುಂಬುವ ಮೊದಲೇ ಮಾಫಿ. ಎರಡು ತಕ್ಕಡಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚು ವ್ಯಾಖ್ಯಾನ ಬೇಕಾಗುವದಿಲ್ಲ.

ಆದರೆ ನಮ್ಮ ವೃತ್ತಿಯ ಮಾನವನ್ನು ಉಳಿಸಿದವನೂ ಅಲ್ಲಿಯೇ ಒಬ್ಬನಿದ್ದನು. ಬರ್ಲಿನದ ಹಾನ್ಸ ಲಿಟ್ಟೆನನೆಂಬ ತರುಣ ವಕೀಲನ ಹೆಸರು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನರಿಗೆ ಗೊತ್ತು? ೧೯೩೦ರ ನವೆಂಬರದಲ್ಲಿ ಕಂದು ಅಂಗಿಯವರ ತಂಡವೊಂದು ‘ಈಡನ’ ಎಂಬ ನೃತ್ಯಶಾಲೆಯಲ್ಲಿ ಕಾರ್ಮಿಕರ ಕೂಟದ ಮೇಲೆ ಬಿದ್ದಿತು. ಗಾಯಗೊಂಡವರ ಪರವಾಗಿ ನಿಂತ ಲಿಟ್ಟೆನನು ೧೯೩೧ರ ಮೇ ೮ರಂದು ಹಿಟ್ಲರನನ್ನೇ ಸಾಕ್ಷಿಯ ಕಟ್ಟೆಗೆ ಕರೆಯಿಸಿದನು. ಆಗ ಲಿಟ್ಟೆನನಿಗೆ ೨೭ ವರುಷ. ನಮ್ಮ ಪಕ್ಷವು ಕಾಯದೆಗೆ ಬದ್ಧವಾದದ್ದೆಂದು ಹಿಟ್ಲರನು ಪ್ರಮಾಣ ಮಾಡಿ ಹೇಳುವದು, ನಿಮ್ಮ ಗೊಬೆಲ್ಸನು ಬರೆದ ಪುಸ್ತಿಕೆಯಲ್ಲಿ ಹೀಗಿದೆಯಲ್ಲ ಎಂದು ಲಿಟ್ಟೆನನು ತೋರಿಸುವದು, ಹಿಟ್ಲರನು ತಡವರಿಸಿ ಕಿರಿಚುವದು, ಹೀಗೆ ತಾಸುಗಟ್ಟಲೆ ನಡೆಯಿತು. ಆ ಪಂಗಡದ ಎರಡು ನಾಲಗೆಗಳನ್ನು ಆ ದಿನ ಲೋಕವೆಲ್ಲ ಕಂಡಿತು: ಮಹಾಜನರಿಗೆ ಹೇಳುವ ನಾಲಗೆಯೊಂದು, ಬಡಿಗೆ ಹಿಡಿದ ಹುಡುಗನಿಗೆ ಹೇಳುವ ನಾಲಗೆ ಇನ್ನೊಂದು. ೧೯೩೩ರ ಫೆಬ್ರುವರಿ ೨೮ರ ನಸುಕಿನಲ್ಲಿ ಲಿಟ್ಟೆನನನ್ನು ಹಿಡಿದೊಯ್ದರು. ಐದು ವರುಷಗಳ ಚಿತ್ರಹಿಂಸೆಯ ನಂತರ ೧೯೩೮ರ ಫೆಬ್ರುವರಿ ೫ರಂದು ಡಖಾವ ಶಿಬಿರದಲ್ಲಿ ಅವನು ನೇಣು ಹಾಕಿಕೊಂಡು ಸತ್ತನು. ಕಾಯದೆಯು ಅವನನ್ನು ಕಾಯಲಿಲ್ಲ; ಅಷ್ಟರಲ್ಲಿ ಕಾಯದೆಯೇ ಬಡಿಗೆಯವರ ಕೈ ಸೇರಿತ್ತು.

ಅದು ಅವರ ಕೈಗೆ ಸೇರಿದ ಬಗೆಯನ್ನು ದಿನಾಂಕವಾರು ಹೇಳುತ್ತೇವೆ. ೧೯೩೧ರ ಅಕ್ಟೋಬರ ೧೧ರಂದು ಹಾರ್ಟ್ಸಬುರ್ಗದಲ್ಲಿ ಪತ್ರಿಕೆಗಳ ಒಡೆಯನಾದ ಹ್ಯೂಗೆನಬೆರ್ಗನೂ, ಮಾಜಿ ಸೈನಿಕರ ‘ಉಕ್ಕಿನ ಟೋಪಿ’ ಸಂಘದವರೂ ಹಿಟ್ಲರನೊಡನೆ ಒಂದೇ ವೇದಿಕೆಯಲ್ಲಿ ನಿಂತರು. ೧೯೩೨ರ ಏಪ್ರಿಲದಲ್ಲಿ ಬ್ರ್ಯೂನಿಂಗನ ಸರಕಾರವು ಸುಮಾರು ೪ ಲಕ್ಷ ಕಂದು ಅಂಗಿಯವರ ದಳವನ್ನು ನಿಷೇಧಿಸಿತು. ದೇಶದ ಸೈನ್ಯವೇ ೧ ಲಕ್ಷವಿದ್ದಾಗ ಇದು ಅತ್ಯಂತ ಅವಶ್ಯವಾದ ಕ್ರಮವಾಗಿತ್ತು. ಜೂನದಲ್ಲಿ ಪ್ರಧಾನಿಯಾಗಿ ಬಂದ ಪಾಪೆನನು, ಹಿಟ್ಲರನ ಬೆಂಬಲದ ಆಸೆಯಿಂದ, ಆ ನಿಷೇಧವನ್ನು ತೆಗೆದನು. ಜುಲೈ ೧೭ರಂದು ಅಲ್ಟೋನಾದ ಬೀದಿಗಳಲ್ಲಿ ೧೮ ಹೆಣಗಳು ಬಿದ್ದವು. ಪಾಪೆನನು ಮಾಡಿದ್ದೇನು? ಆ ರಕ್ತವನ್ನೇ ನೆಪ ಮಾಡಿಕೊಂಡು ಮೂರು ದಿನಗಳಲ್ಲಿ ಪ್ರಶಿಯ ಪ್ರಾಂತದ ಚುನಾಯಿತ ಸರಕಾರವನ್ನು ವಜಾ ಮಾಡಿದನು! ಆಗಸ್ಟದಲ್ಲಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ಕಂದು ಅಂಗಿಯವರು ನಡುರಾತ್ರಿ ಒಬ್ಬ ಬಡ ಕೂಲಿಕಾರನನ್ನು ಅವನ ತಾಯಿಯ ಕಣ್ಣೆದುರಿಗೆ ತುಳಿದು ಕೊಂದರು. ನ್ಯಾಯಾಲಯವು ಐವರಿಗೆ ಮರಣದಂಡನೆ ವಿಧಿಸಿದಾಗ ಹಿಟ್ಲರನು ಆ ಕೊಲೆಗಡುಕರಿಗೆ ತಂತಿ ಕಳಿಸಿ ತನ್ನ ನಿಷ್ಠೆಯನ್ನು ತಿಳಿಸಿದನು. ಇಷ್ಟಾದ ಮೇಲೆಯೂ ಆ ಮನುಷ್ಯನು ಎಂಥವನೆಂಬದು ತನಗೆ ತಿಳಿದಿರಲಿಲ್ಲವೆಂದು ಹೇಳುವ ಹಕ್ಕು ಯಾವ ಜರ್ಮನ ಮುತ್ಸದ್ದಿಗೆ ಉಳಿಯಿತು? ಪಾಪೆನನ ಸರಕಾರವು ಆ ಐವರ ಮರಣದಂಡನೆಯನ್ನು ಕಡಿಮೆ ಮಾಡಿತು.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ಅದೇ ನವೆಂಬರದ ಚುನಾವಣೆಯಲ್ಲಿ ಹಿಟ್ಲರನು ೨೦ ಲಕ್ಷ ಮತಗಳನ್ನು ಕಳೆದುಕೊಂಡನು. ೨೩೦ ಸ್ಥಾನಗಳು ೧೯೬ಕ್ಕೆ ಇಳಿದವು. ನೆರೆಯು ಇಳಿಯಲು ಆರಂಭಿಸಿತ್ತು. ಇಳಿಯುವ ನೀರಿಗೆ ತೂಬು ಎತ್ತಿ ಹಾದಿ ಮಾಡಿಕೊಟ್ಟವರು ಪಾಪೆನ, ಹ್ಯೂಗೆನಬೆರ್ಗರು, ಕೊನೆಗೆ ವೃದ್ಧನಾದ ಅಧ್ಯಕ್ಷ ಹಿಂಡೆನಬುರ್ಗನು. ೧೯೩೩ರ ಜನವರಿ ೩೦ರ ಮಂತ್ರಿಮಂಡಲದಲ್ಲಿ ಹಿಟ್ಲರನ ಪಕ್ಷದವರು ಅವನನ್ನು ಕೂಡಿ ಮೂವರೇ. ತಾವು ಅವನನ್ನು ಕೂಲಿಗೆ ಹಿಡಿದಿದ್ದೇವೆಂದು ಪಾಪೆನನು ಬೀಗಿದನು. ಆದರೆ ಆ ಮೂವರ ಕೈಯಲ್ಲಿ ಪೋಲೀಸ ಖಾತೆಯಿತ್ತು. ಫೆಬ್ರುವರಿ ೨೦ರಂದು ಕ್ರುಪ್ಪ ಮೊದಲಾದ ಕಾರಖಾನೆದಾರರು ಗೋರಿಂಗನ ಮನೆಯಲ್ಲಿ ಕೂಡಿ ೩೦ ಲಕ್ಷ ಮಾರ್ಕುಗಳ ವಾಗ್ದಾನ ಮಾಡಿದರು. ಎರಡೇ ದಿನಗಳಲ್ಲಿ, ೨೨ರಂದು, ಬಡಿಗೆ ಹಿಡಿದ ೫೦ ಸಾವಿರ ಜನರ ತೋಳಿಗೆ ಸಹಾಯಕ ಪೋಲೀಸರೆಂಬ ಪಟ್ಟಿ ಕಟ್ಟಲಾಯಿತು. ನಿನ್ನೆ ಯಾರನ್ನು ಕಂಡು ಪೋಲೀಸರಿಗೆ ಫಿರ್ಯಾದಿ ಕೊಡಬೇಕೋ ಅವನೇ ಇಂದು ಪೋಲೀಸನು! ಪ್ರಜೆಯು ಹೋಗುವದೆಲ್ಲಿಗೆ?

ಎಡಪಕ್ಷದವರ ತಪ್ಪನ್ನು ಮುಚ್ಚಿಡುವದೂ ನ್ಯಾಯವಲ್ಲ. ಸೋಶಿಯಲ ಡೆಮೊಕ್ರಾಟರೇ ಮುಖ್ಯ ವೈರಿಗಳೆಂದು ಸಾರುತ್ತ ಕಮ್ಯುನಿಸ್ಟರು ೧೯೩೧ರ ಆಗಸ್ಟದಲ್ಲಿ ಪ್ರಶಿಯದ ಶಾಸನಸಭೆಯನ್ನು ಮುರಿಯುವ ಜನಮತಕ್ಕಾಗಿ ಹಿಟ್ಲರನ ಪಕ್ಷದ ಜೊತೆಗೇ ಮತ ಹಾಕಿದರು. ೧೯೩೨ರ ನವೆಂಬರದಲ್ಲಿ ಬರ್ಲಿನದ ಟ್ರಾಮ ಮುಷ್ಕರದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು. ಮನೆಗೆ ಬೆಂಕಿ ಬಿದ್ದಾಗ ಅಣ್ಣತಮ್ಮಂದಿರು ಪಾಲಿನ ಜಗಳವಾಡಿದರೆ ಉಳಿಯುವದು ಬೂದಿ ಮಾತ್ರ.

ಒಪ್ಪಂದ ಮಾಡಿಕೊಂಡವರ ಗತಿಯೇನಾಯಿತು? ಇಟಲಿಯಲ್ಲಿ ೧೯೨೪ರ ಮೇ ೩೦ರಂದು ಚುನಾವಣೆಯ ಅತ್ಯಾಚಾರಗಳನ್ನು ಶಾಸನಸಭೆಯಲ್ಲಿ ಎತ್ತಿ ಆಡಿದ ಮ್ಯಾಟಿಯೊಟ್ಟಿಯನ್ನು ಜೂನ ೧೦ರಂದು ಹಾಡುಹಗಲಲ್ಲಿ ಎತ್ತಿಕೊಂಡು ಹೋಗಿ ಕೊಂದರು. ಆಗಲೂ ಮಹಾ ತತ್ತ್ವಜ್ಞಾನಿಯಾದ ಕ್ರೋಚೆಯು ಮುಸೊಲಿನಿಯ ಮೇಲೆ ವಿಶ್ವಾಸದ ಮತ ಹಾಕಿದನು. ಮುಂದೆ ಪಶ್ಚಾತ್ತಾಪಪಟ್ಟು ವಿರೋಧಿಯಾದನು, ಆದರೆ ಆ ವೇಳೆಗೆ ಮತವೆಂಬ ವಸ್ತುವೇ ಇಲ್ಲದಂತಾಗುತ್ತಲಿತ್ತು. ೧೯೨೬ರಲ್ಲಿ ಉಳಿದ ಪಕ್ಷಗಳೆಲ್ಲ ರದ್ದಾದವು. ಜರ್ಮನಿಯಲ್ಲಿ ೧೯೩೩ರ ಮಾರ್ಚ ೨೩ರಂದು ಸಭಾಗೃಹದ ಸುತ್ತಲೂ ಕಂದು ಅಂಗಿಯವರು ನಿಂತಿರಲು ೪೪೪ ಸದಸ್ಯರು ಸರ್ವಾಧಿಕಾರವನ್ನು ಹಿಟ್ಲರನ ಉಡಿಯಲ್ಲಿ ಹಾಕಿದರು. ಇಲ್ಲವೆಂದವರು ೯೪ ಸೋಶಿಯಲ ಡೆಮೊಕ್ರಾಟರು ಮಾತ್ರ. ಜೂನದಲ್ಲಿ ಹ್ಯೂಗೆನಬೆರ್ಗನ ಪಕ್ಷವು ಅಳಿಯಿತು. ೧೯೩೪ರ ಜೂನ ೩೦ರಂದು ಪಾಪೆನನ ಸ್ವಂತ ಸಹಾಯಕರು ಗುಂಡಿಗೆ ಬಲಿಯಾದರು. ಮಾಜಿ ಪ್ರಧಾನಿ ಶ್ಲೈಖರನೂ ಅವನ ಹೆಂಡತಿಯೂ ಮನೆಯಲ್ಲಿಯೇ ಹತರಾದರು. ಬಡಿಗೆಯವರ ಸೇನಾಪತಿಯಾದ ರೋಮನೂ ಉಳಿಯಲಿಲ್ಲ. ಜುಲೈ ೩ರಂದು ಆ ಎಲ್ಲ ಕೊಲೆಗಳೂ ಸರಕಾರದ ಆತ್ಮರಕ್ಷಣೆಯೆಂದು ಕಾಯದೆ ಮಾಡಲಾಯಿತು. ಮೊದಲು ಕೊಲೆ, ನಂತರ ಕಾಯದೆ! ಹುಲಿಯ ಮೇಲೆ ಸವಾರಿ ಹೊರಟವರು ಹುಲಿಯ ಹೊಟ್ಟೆಯಲ್ಲಿಯೇ ಊರು ಸೇರಿದರು.

ಅರಾಜಕತೆಯನ್ನು ತಡೆಯಲು ಬಡಿಗೆ ಬೇಕಾಗಿತ್ತೆಂದು ಕೆಲವರು ಆಕ್ಷೇಪಿಸಬಹುದು. ತಾರೀಖುಗಳು ಈ ಮಾತನ್ನು ಸುಳ್ಳು ಮಾಡುತ್ತವೆ. ಇಟಲಿಯ ಕಾರಖಾನೆಗಳನ್ನು ಕಾರ್ಮಿಕರು ಆಕ್ರಮಿಸಿದ್ದು ೧೯೨೦ರ ಸೆಪ್ಟೆಂಬರದಲ್ಲಿ. ಅದು ಶಾಂತವಾದ ಮೇಲೆಯೇ ಕರಿಯಂಗಿಯವರ ಹಾವಳಿಯು ಹೆಚ್ಚಿದ್ದು. ಕ್ರಾಂತಿಯ ಭಯವು ಇನ್ನುಳಿದಿಲ್ಲವೆಂದು ೧೯೨೧ರ ಜುಲೈಯಲ್ಲಿ ಮುಸೊಲಿನಿಯೇ ತನ್ನ ಪತ್ರಿಕೆಯಲ್ಲಿ ಬರೆದನು. ಇನ್ನು ಕೆಲವರು, ನಮ್ಮ ಸ್ವಯಂಸೇವಕರಿಗೂ ಸಮವಸ್ತ್ರವಿತ್ತು, ಕವಾಯತಿತ್ತು ಎನ್ನುವರು. ಇತ್ತು. ೧೯೨೩ರಲ್ಲಿ ಹುಬ್ಬಳ್ಳಿಯ ಡಾ. ಹರ್ಡೀಕರರು ಸ್ಥಾಪಿಸಿದ ಹಿಂದುಸ್ತಾನಿ ಸೇವಾದಳದವರೂ ಸಾಲುಗಟ್ಟಿ ನಡೆಯುತ್ತಿದ್ದರು. ಆದರೆ ಅವರ ಶಿಸ್ತು ಪೆಟ್ಟು ತಿನ್ನುವ ಶಿಸ್ತು. ಇವರದು ಪೆಟ್ಟು ಕೊಟ್ಟು ಓಡುವ ಶಿಸ್ತು. ಅವರು ಸರಕಾರದ ಎದುರಿಗೆ ಬರಿಗೈಯಲ್ಲಿ ನಿಂತರು; ಇವರು ಸರಕಾರದ ನೆರಳಿನಲ್ಲಿ ನಿಂತು ದುರ್ಬಲನನ್ನು ಬಡಿದರು. ಅಂಗಿ ಒಂದೇ ತರದ್ದಾದ ಮಾತ್ರಕ್ಕೆ ಒಳಗಿನ ಎದೆ ಒಂದೇ ಆಗುವದಿಲ್ಲ.

ಬಾಗಿಲು ತೆರೆಯದಿದ್ದಲ್ಲಿ ಏನಾಯಿತೆಂಬದನ್ನೂ ನೋಡಿರಿ. ಫಿನಲಂಡದಲ್ಲಿ ಲಾಪುವಾ ಚಳವಳಿಯವರು ವಿರೋಧಿಗಳನ್ನು ಎತ್ತಿಕೊಂಡು ಹೋಗಿ ಬಡಿಯುತ್ತಿದ್ದರು. ೧೯೩೧ರಲ್ಲಿ ಅವರ ಬೆಂಬಲವನ್ನೂ ಪಡೆದು ಅಧ್ಯಕ್ಷನಾದ ಸ್ವಿನಹುಫ್ವುದನು ಕಟ್ಟಾ ಸಂಪ್ರದಾಯವಾದಿ. ಆದರೂ ೧೯೩೨ರ ಫೆಬ್ರುವರಿಯಲ್ಲಿ ಮ್ಯಾಂತ್ಸಲಾದಲ್ಲಿ ಅವರು ಶಸ್ತ್ರ ಹಿಡಿದು ಕೂಡಿದಾಗ, ಮನೆಗೆ ಹೋಗಿರೆಂದು ಅವನು ರೇಡಿಯೋದಲ್ಲಿ ಸ್ಪಷ್ಟವಾಗಿ ನುಡಿದನು. ದಂಗೆಯು ಕರಗಿತು, ಆ ವರುಷವೇ ಆ ಸಂಸ್ಥೆಯು ನಿಷೇಧಕ್ಕೊಳಗಾಯಿತು. ಇಂಗ್ಲಂಡದಲ್ಲಿ ಮೋಸ್ಲಿಯ ಕರಿಯಂಗಿಯವರನ್ನು ೧೯೩೪ರ ಜನವರಿಯಲ್ಲಿ ಹೊಗಳಿದ ಪತ್ರಿಕೆಯ ಒಡೆಯನು, ಜೂನದ ಒಲಿಂಪಿಯಾ ಸಭೆಯ ಹೊಡೆದಾಟದ ನಂತರ ಕೆಲವೇ ವಾರಗಳಲ್ಲಿ ಕೈ ಬಿಟ್ಟನು. ೧೯೩೬ರ ಅಕ್ಟೋಬರ ೪ರಂದು ಲಂಡನದ ಕೇಬಲ ಸ್ಟ್ರೀಟಿನಲ್ಲಿ ಜನರು ಹಾದಿಗೆ ಅಡ್ಡ ನಿಂತರು. ಆ ವರುಷವೇ ರಾಜಕೀಯ ಸಮವಸ್ತ್ರಗಳನ್ನು ಕಾಯದೆಯಿಂದ ನಿಷೇಧಿಸಲಾಯಿತು. ಮೋಸ್ಲಿಯ ಪಕ್ಷದಿಂದ ಒಬ್ಬನೂ ಪಾರ್ಲಿಮೆಂಟಿಗೆ ಆರಿಸಿ ಬರಲಿಲ್ಲ. ಬಡಿಗೆ ಎಲ್ಲ ಕಡೆಗೂ ಒಂದೇ. ಭೇದವಿದ್ದದ್ದು ಚಿಲಕದ ಮೇಲಿದ್ದ ಕೈಯಲ್ಲಿ.

ಯುದ್ಧವು ಮುಗಿದ ಮೇಲೆ ಪಾಪೆನನನ್ನು ನ್ಯೂರೆಂಬರ್ಗದ ನ್ಯಾಯಾಸನದ ಎದುರಿಗೆ ನಿಲ್ಲಿಸಿದರು. ೧೯೪೬ರಲ್ಲಿ ಆ ನ್ಯಾಯಾಸನವು ಅವನನ್ನು ಬಿಟ್ಟುಬಿಟ್ಟಿತು. ವಕೀಲನಾದ ನನಗೆ ಆ ತೀರ್ಪಿನಲ್ಲಿ ಆಶ್ಚರ್ಯವೇನೂ ಕಾಣುವದಿಲ್ಲ. ಕೊಂದವನಿಗೆ ಕಾಯದೆಯಲ್ಲಿ ಕಲಮುಂಟು. ಬಾಗಿಲು ತೆರೆದವನಿಗೆ, ಮಾಫಿ ಕೊಟ್ಟವನಿಗೆ, ಹಣ ಕಳಿಸಿದವನಿಗೆ, ‘ಹುಡುಗರು ಬಿಸಿರಕ್ತದವರು’ ಎಂದು ನಕ್ಕವನಿಗೆ ಕಲಮು ಹುಡುಕುವದು ಕಷ್ಟ. ಆದ್ದರಿಂದಲೇ ಈ ಅಪರಾಧದ ವಿಚಾರಣೆಯು ಕೋರ್ಟಿನಲ್ಲಿ ಆಗುವದಿಲ್ಲ. ವಾಚನಾಲಯದ ಕಟ್ಟೆಯ ಮೇಲೆ, ಶಾಲೆಯ ಕೋಣೆಯಲ್ಲಿ, ಪಡಸಾಲೆಯಲ್ಲಿ ಆಗಬೇಕು, ಅದೂ ಅಪರಾಧ ನಡೆಯುವ ಮೊದಲೇ ಆಗಬೇಕು.

ಮಾಸ್ತರರೇ, ಸುಮಾರು ನೂರು ವರುಷಗಳ ಹಿಂದಿನ ಮಾತಿದು, ನಮಗೇಕೆ ಎನ್ನಬೇಡಿರಿ. ಬಡಿಗೆ ಹಿಡಿಯುವ ಹುಡುಗನು ಯಾವ ಕಾಲದಲ್ಲಿಯೂ ಹುಟ್ಟುತ್ತಾನೆ. ಅವನನ್ನು ನಾವು ಪೂರ್ತಿಯಾಗಿ ತಡೆಯಲಾರೆವು. ಆದರೆ ಅವನು ನಿಮ್ಮ ಮುಖವನ್ನು ನೋಡುತ್ತಾನೆ. ನೀವು ತಲೆದೂಗಿದಿರೋ, ಅವನಿಗೆ ದೊರೆಯ ಸಹಿ ಸಿಕ್ಕಂತೆಯೇ. ಮುಂದಿನ ಸಲ ಆ ಹಿರಿಯರು ಅದೇ ಮಾತನ್ನು ಆಡಿದಾಗ ಎದ್ದು ನಿಂತು ‘ಇಲ್ಲ’ ಎನ್ನಿರಿ. ಕಾರಣ ಕೇಳಿದರೆ ಹಾನ್ಸ ಲಿಟ್ಟೆನನ ಕಥೆಯನ್ನು ಹೇಳಿರಿ. ನಾಳೆ ನಿಮ್ಮ ನಲವತ್ತು ಮಕ್ಕಳಿಗೂ ಅದನ್ನೇ ಹೇಳಿರಿ.